ಹನ್ನೊಂದು ಮಕ್ಕಳ ನಿದ್ದೆ

ಮಂಗಳವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಠಾಣೆಗೆ ಫೋನ್ ಮಾಡಿದ್ದು ಮಕ್ಕಳ ಡಾಕ್ಟ್ರು. ಮೂರು ವರ್ಷದ ಹುಡುಗಿ. ಶಿಶುವಿಹಾರದಿಂದ ಕರ್ಕೊಂಡು ಹೋಗೋಕೆ ಬಂದ ಅಪ್ಪ ಎಷ್ಟು ಅಲ್ಲಾಡಿಸಿದ್ರೂ ಎದ್ದಿಲ್ಲ. ಮೂತ್ರದ ಪರೀಕ್ಷೇಲಿ ಗಾಂಜಾ ಸಿಕ್ಕಿದೆ.

"ಉಸಿರಾಟ ಇನ್ನೂ ನಿಧಾನ ಆಗ್ತಿದೆ," ಅಂದ್ರು ಡಾಕ್ಟ್ರು. "ಎಷ್ಟು ತಿಂದಿದೆ, ಜೊತೆಗೆ ಬೇರೇನಾದ್ರೂ ಸೇರಿದೆಯಾ, ಬೇಗ ಗೊತ್ತಾಗಬೇಕು. ಅಲ್ಲಿ ಬೇರೆ ಮಕ್ಕಳೂ ಇದಾವಲ್ಲ?"

ಅಪ್ಪನ ಹೇಳಿಕೆ ಮೇಲೆ ಎಫ್‌ಐಆರ್ ಆಯ್ತು. ನಾಲ್ಕೂ ಐವತ್ತಕ್ಕೆ ಇನ್‌ಸ್ಪೆಕ್ಟರು, ಒಬ್ಬಳು ಮಹಿಳಾ ಕಾನ್‌ಸ್ಟೆಬಲ್, ಇಬ್ಬರು ಪಂಚರು ಶಿಶುವಿಹಾರದ ಬಾಗಿಲಲ್ಲಿ.

ಅದನ್ನ ನಡೆಸೋಳು ಲಾಲಿ ಅಕ್ಕ. ಅಪ್ಪ-ಅಮ್ಮಂದಿರಿಗೆ ಅವಳ ಮೇಲೆ ಭಾರೀ ಭಕ್ತಿ. ಮನೇಲಿ ಸೂರು ಹಾರಿಸೋ ಮಕ್ಕಳು ಇವಳ ಹತ್ರ ಕಂಬಳಿಹುಳದ ಥರ ಸುರುಳಿ ಸುತ್ಕೊಂಡು ಮಲಗ್ತವೆ. ಬೋರ್ಡಲ್ಲಿ ಶಿಶುವಿಹಾರ, ಒಳಗೆ ವಿಹಾರ ಕಮ್ಮಿ, ವಿಶ್ರಾಂತಿ ಜಾಸ್ತಿ.

"ಮಗು ಏನು ತಿಂತು?"

"ಹಾಲು, ಬಿಸ್ಕತ್ತು. ಅಂಗಡೀದೇ ಸಾರ್. ಮೊದಲು ಅವರಪ್ಪನ ಜೇಬು ನೋಡಿ."

ಕಾನ್‌ಸ್ಟೆಬಲ್ ಗೋಡೆಗೆ ನೇತುಹಾಕಿದ್ದ ದಿನಚರಿ ಪುಸ್ತಕ ತೆಗೆದ್ಲು. ಯಾವ ಮಗು ಎಷ್ಟೊತ್ತಿಗೆ ತಿಂತು, ಮಲಗಿತು, ಎಲ್ಲಾ ಅದರಲ್ಲಿದೆ.

"ಸಾರ್, ಹನ್ನೊಂದೂ ಮಕ್ಕಳು ಒಂದೂ ಮುಕ್ಕಾಲಿಗೇ ಮಲಗಿವೆ. ದಿನಾ. ನಮ್ಮನೇಲಿ ಅವಳಿ ಇದಾವೆ. ಒಂದು ಮಲಗಿದ್ರೆ ಅದನ್ನ ಎಬ್ಬಿಸೋದೇ ಇನ್ನೊಂದರ ಡ್ಯೂಟಿ."

"ನಿಮ್ಮವು ಪೊಲೀಸ್ ಮಕ್ಕಳು ಕಣಮ್ಮ," ಅಂತ ನಕ್ಕ ಇನ್‌ಸ್ಪೆಕ್ಟರ ನಗು ಅಲ್ಲೇ ನಿಂತಿತು. ಇವತ್ತಿನ ಪುಟದಲ್ಲಿ ಎಲ್ಲರಿಗೂ ಬಿಸ್ಕತ್ತಿನ ಮುಂದೆ ಒಂದೊಂದು ಗೀಟು. ಆಸ್ಪತ್ರೇಲಿರೋ ಮಗುಗೆ ಎರಡು: ಹನ್ನೆರಡೂವರೆಗೆ ಒಂದು, ಹನ್ನೆರಡೂ ಐವತ್ತಕ್ಕೆ ಇನ್ನೊಂದು.

"ಇದಕ್ಕೆ ಮಾತ್ರ ಎರಡು ಸಲ ಯಾಕೆ?"

ಲಾಲಿ ಅಕ್ಕ ಯಾರದೋ ಕೈಬರಹ ನೋಡೋ ಥರ ನೋಡಿದ್ಲು. "ಕೊಟ್ಟಿಲ್ಲ ಅಂದ್ಕೊಂಡೆ..."

"ಏನು ಕೊಟ್ಟಿಲ್ಲ?"

ಲಾಲಿ ಅಕ್ಕನ ಕಣ್ಣು ಫ್ರಿಡ್ಜ್ ಕಡೆ ಹೋಯ್ತು. ಕಾನ್‌ಸ್ಟೆಬಲ್ ಫ್ರಿಡ್ಜ್ ತೆಗೆದ್ಲು. ಹಾಲಿನ ಬಾಟಲಿಗಳ ಹಿಂದೆ ಗಾಂಜಾ ವಾಸನೆಯ ಹಸಿರು ಬೆಣ್ಣೆ ಅರ್ಧ ಡಬ್ಬಿ, ಹತ್ತೊಂಬತ್ತು ಬಿಸ್ಕತ್ತು. ಪಂಚನಾಮೆ ಬರೆಯೋ ಮೊದಲೇ ಇನ್‌ಸ್ಪೆಕ್ಟರು ಡಾಕ್ಟ್ರಿಗೆ ಫೋನ್ ಹಚ್ಚಿದ್ರು.

"ಬಿಸ್ಕತ್ತಿಗೆ ಎಷ್ಟು ಬೆಣ್ಣೆ?" ಫೋನ್ ಕಿವಿಗಿಟ್ಕೊಂಡೇ ಲಾಲಿ ಅಕ್ಕನ್ನ ಕೇಳಿದ್ರು.

"ಒಂದು ಚಮಚ. ಮಕ್ಕಳಿಗೆ ಅರ್ಧ ಬಿಸ್ಕತ್ತು ಅಷ್ಟೇ."

"ಇವಳಿಗೆ ಎರಡು ಅರ್ಧ. ನಿದ್ದೆ ಮಾತ್ರೆ ಏನಾದ್ರೂ ಸೇರಿಸಿದ್ಯಾ?"

"ಇಲ್ಲ ಸಾರ್, ಮಕ್ಕಳಾಣೆ."

"ಆ ಆಣೆ ಮಾತ್ರ ಬೇಡ," ಅಂದ್ಲು ಕಾನ್‌ಸ್ಟೆಬಲ್.

"ಬರೀ ಸೊಪ್ಪು ಕಣಮ್ಮ ಅದು. ಆರು ವರ್ಷದಿಂದ ನಾನೇ ದಿನಾ ತಿಂತೀನಿ. ನನಗೇನಾಗಿದೆ?"

ಉಳಿದ ಮಕ್ಕಳು ಆಗಲೇ ಮನೆ ಸೇರಿದ್ವು; ಹತ್ತು ಮನೆಗೂ ಫೋನ್ ಹೋಯ್ತು. ಆರು ಗಂಟೆಗೆ ಹತ್ತೂ ಮಕ್ಕಳು ಆಸ್ಪತ್ರೇಲಿ. ಎರಡು ತೂಕಡಿಸ್ತಿದ್ವು. ಒಂದು ಡಾಕ್ಟ್ರ ಕನ್ನಡಕ ಕಿತ್ಕೊಂಡು ಓಡ್ತು. ಅದರಮ್ಮ ಮೊದಲ ಸಲ ಬೈಲಿಲ್ಲ.

ಆರೂ ಹತ್ತಕ್ಕೆ ಲಾಲಿ ಅಕ್ಕನ ಬಂಧನ. ಠಾಣೇಲಿ ಹೇಳಿಕೆ ಕೊಟ್ಲು. ಜೊತೆಗಿದ್ದ ಆಯಾ ವರ್ಷದ ಹಿಂದೆ ಬಿಟ್ಟು ಹೋದ್ಲು. ಹನ್ನೊಂದೂ ಒಟ್ಟಿಗೆ ಅತ್ರೆ ಒಬ್ಬಳ ಕೈಲಿ ಸುಧಾರಿಸೋಕಾಗ್ತಿರಲಿಲ್ಲ. ಮೊದಲು ಜಾಸ್ತಿ ಅಳೋ ಒಂದಕ್ಕೆ ಕೊಟ್ಲು. ಸಂಜೆ ಅದರಮ್ಮ ಕೈ ಹಿಡ್ಕೊಂಡು ಹೊಗಳಿದ್ಲು. ಆ ಹೊಗಳಿಕೆ ಬಿಡೋಕಾಗ್ಲಿಲ್ಲ.

ಏಳೂ ನಲವತ್ತಕ್ಕೆ ಡಾಕ್ಟ್ರ ಫೋನ್ ಬಂತು.

"ಮಗು ಎದ್ಲಾ?" ಅಂದ್ಲು ಲಾಲಿ ಅಕ್ಕ.

"ಎದ್ಲು. ಅಮ್ಮನ್ನ ಕೇಳಿದ್ಲಂತೆ," ಅಂದ್ರು ಇನ್‌ಸ್ಪೆಕ್ಟರು.

ಅವಳು ಸೆರಗಲ್ಲಿ ಮುಖ ಮುಚ್ಕೊಂಡು ಅತ್ಲು. ಕಣ್ಣೊರೆಸ್ಕೊಂಡು ಸಹಿ ಹಾಕಿದ್ಲು. ಪೆನ್ನು ವಾಪಸ್ ಕೊಡ್ತಾ ಕಾನ್‌ಸ್ಟೆಬಲ್ ಕಡೆ ತಿರುಗಿ, ಮೊದಲ ಸಲ ಕೇಳೋ ಥರ, ಮೆಲ್ಲಗೆ ಕೇಳಿದ್ಲು:

"ಆಸ್ಪತ್ರೆಯಿಂದ ಫೋನ್ ಬಂತೇನಮ್ಮಾ? ಮಗು ಎದ್ಲಾ?"