ಬಾಣಸವಾಡಿಗೆ ತಂದ ಬಿಸಿಲು

"ಸರ್ಕಾರ ಚಾವಣಿ ಕೊಟ್ಟಿದೆ, ನಾವು ಬಂಡವಾಳ ಹಾಕಿದ್ದೀವಿ. ಬಿಸಿಲು ತರೋದು ನಿಮ್ಮ ಕೆಲಸ, ದತ್ತು."

ಮೀಟಿಂಗಿನಲ್ಲಿ ಕಂಪನಿಯ ಯಜಮಾನ ಭಗವಂತರಾಯರು ಹೀಗೆಂದಾಗ ಎಲ್ಲರೂ ನಕ್ಕರು. ಇಂಜಿನಿಯರ್ ದತ್ತುವಿಗೆ ಮೈ ಉರಿಯಿತು. ಬಾಣಸವಾಡಿಯ ಸಮುದಾಯ ಭವನದ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿದವನು ಅವನೇ, ನಿಜ. ಆಮೇಲೆ ಪಕ್ಕದ ಸೈಟಿನ ಬೈಲಪ್ಪ ಐದು ಅಂತಸ್ತು ಎಬ್ಬಿಸಿ ಪ್ಯಾನಲ್ ಮೇಲೆ ನೆರಳು ಬೀಳಿಸಿದರೆ ಅದಕ್ಕೂ ಅವನೇ ಹೊಣೆಯೇ? ಸರ್ಕಾರಕ್ಕೆ ಮಾತು ಕೊಟ್ಟಷ್ಟು ಯೂನಿಟ್ ಕರೆಂಟು ವರ್ಷದೊಳಗೆ ಬಂದರೆ ಇನ್ನೂ ನಲವತ್ತು ಸರ್ಕಾರಿ ಶಾಲೆಗಳ ಚಾವಣಿ ಕಂಪನಿಗೆ. ಬಾರದಿದ್ದರೆ ದತ್ತು ಮನೆಗೆ.

ಬಿಸಿಲು ತಾನೇ, ತಂದರಾಯಿತು ಎಂದುಕೊಂಡ.

ಭವನದ ಮಾಮೂಲಿ ಲೈನಿನಿಂದ ಗೋಡೆಯೊಳಗೆ ಒಂದು ವೈರು ಎಳೆದು ಸೋಲಾರ್ ಮೀಟರಿನ ಮೂಲಕ ಹಾಯಿಸಿದ. ಯಾವುದು ಸೂರ್ಯನದು, ಯಾವುದು ಕಂಬದ್ದು ಎಂದು ಮೀಟರಿಗೆ ಗೊತ್ತಾಗುವುದಿಲ್ಲ. ದಡ್ಡರಾದರೆ ರಾತ್ರಿಯೂ ಓಡಿಸಿ ಸಿಕ್ಕಿಬೀಳುತ್ತಾರೆ. ದತ್ತು ರಂಗೋಲಿ ಕೆಳಗೆ ತೂರುವವನು. ಟೈಮರ್ ಇಟ್ಟ: ಬೆಳಿಗ್ಗೆ ಮೆಲ್ಲಗೆ, ಮಧ್ಯಾಹ್ನ ಜೋರು, ಸಂಜೆ ಇಳಿಕೆ. ಮೋಡ ಕವಿದರೆ ಫೋನಿನಲ್ಲೇ ತಗ್ಗಿಸುತ್ತಿದ್ದ. ಗಣೇಶನ ಹಬ್ಬಕ್ಕೆ ಮಳೆ ಹಿಡಿದಾಗ ಮೀಟರನ್ನು ಮೂರು ದಿನ ಹೆಚ್ಚುಕಡಿಮೆ ಉಪವಾಸವೇ ಕೆಡವಿದ. ಲೆಕ್ಕ ತೀರಾ ಕಡಿಮೆ ಬಿದ್ದರೆ ಬೈಲಪ್ಪನನ್ನು ಬೈದುಕೊಂಡು ಇನ್ನೊಂದಿಷ್ಟು ಬಿಡುತ್ತಿದ್ದ.

ಉಳಿದದ್ದು ಚಾವಣಿ. ಯಾರೂ ಹತ್ತಿ ಆ ನೆರಳು ನೋಡಬಾರದು. ಅದಕ್ಕೆಂದೇ ಭವನ ನೋಡಿಕೊಳ್ಳುವ ಅಕ್ಕಯಮ್ಮನಿಗೆ ಮೊದಲೇ ಚಾವಣಿಯ ಬೀಗದ ಕೈ ಕೊಟ್ಟಿದ್ದ. ಆಫೀಸಿನ ಟಿವಿಗೆ ಲೇಸಿನ ಬಟ್ಟೆ ಹೊದಿಸಿ, ಕುರ್ಚಿಗಳ ಪ್ಲಾಸ್ಟಿಕ್ಕನ್ನು ಮೂರು ವರ್ಷದಿಂದ ಬಿಚ್ಚದೆ ಕಾಪಾಡಿದ ಹೆಂಗಸು. ಇದಕ್ಕಿಂತ ಒಳ್ಳೆಯ ಕಾವಲು ಬೇಕೆ?

"ಯಾರನ್ನೂ ಮೇಲೆ ಬಿಡ್ಬೇಡಿ ಅಕ್ಕಯಮ್ಮೋರೇ. ಲಕ್ಷಗಟ್ಟಲೆ ಸಾಮಾನು, ಧೂಳು ಕೂತ್ರೆ ಕೆಟ್ಟೋಗುತ್ತೆ."

"ನಾನಿಲ್ವೇನಪ್ಪಾ? ನೀನು ಆರಾಮಾಗಿರು."

ಅವನು ಆರಾಮಾಗಿಯೇ ಇದ್ದ. ಕೆಲಸವೆಲ್ಲ ಕೆಳಗೇ ನಡೆಯುತ್ತಿದ್ದುದರಿಂದ ಮತ್ತೆ ಮೇಲೆ ಹತ್ತಲೇ ಇಲ್ಲ.

ವರ್ಷ ತುಂಬಿತು. ಸರ್ಕಾರದ ಕಡೆಯಿಂದ ತಪಾಸಣೆಗೆ ಧನುಶ್ರೀ ಮೇಡಂ ಬಂದರು. ಬೈಲಪ್ಪನ ನೆರಳು ಸರಿದಿರುವ ಹೊತ್ತೆಂದು ನಡುಮಧ್ಯಾಹ್ನವನ್ನೇ ದತ್ತು ಗೊತ್ತುಮಾಡಿದ್ದ. ಮೀಟರಿನ ಗಂಟೆಗಂಟೆಯ ಲೆಕ್ಕವನ್ನು ಅವರು ಮಳೆಯ ದಿನಗಳ ಜತೆ ತಾಳೆ ನೋಡಿ, ಇಷ್ಟು ಸರಿಯಾದ ಲೆಕ್ಕ ಎಲ್ಲೂ ಕಂಡಿಲ್ಲ ಎಂದರು. ಭಗವಂತರಾಯರು ದತ್ತುವಿನ ಬೆನ್ನು ತಟ್ಟಿದರು. ಪ್ಯಾನಲ್ಲುಗಳ ಫೋಟೋ ಒಂದು ಬಾಕಿ ಎಂದು ಎಲ್ಲರೂ ಮೇಲೆ ಹೊರಟರು.

ಅಕ್ಕಯಮ್ಮ ಬೀಗ ತೆಗೆದರು. ಮೂವತ್ತು ಪ್ಯಾನಲ್ಲುಗಳೂ ದಪ್ಪ ನೀಲಿ ಬಟ್ಟೆಯ ಗವಸು ತೊಟ್ಟು, ಅಂಚಿಗೆ ಲೇಸು ಕಟ್ಟಿಸಿಕೊಂಡು, ಸಾಲಾಗಿ ಕೂತಿದ್ದವು. ಧನುಶ್ರೀ ಕೈಯಲ್ಲಿದ್ದ ಮೀಟರಿನ ಲೆಕ್ಕವನ್ನು ಇನ್ನೊಮ್ಮೆ ಬಿಡಿಸಿದರು. "ನೀನು ಹೇಳಿದ ವಾರಾನೇ ಕಮರ್ಷಿಯಲ್ ಸ್ಟ್ರೀಟಿಂದ ಬಟ್ಟೆ ತಂದು ಹೊಲಿಸ್ಬಿಟ್ಟೆ ಕಣಪ್ಪಾ," ಎಂದರು ಅಕ್ಕಯಮ್ಮ, ದತ್ತುವಿನ ಕಡೆ ತಿರುಗಿ. "ಹತ್ತು ತಿಂಗಳಾಯ್ತು, ಒಂದು ದಿನಾನೂ ತೆಗೆದಿಲ್ಲ. ಧೂಳಿರ್ಲಿ, ಬಿಸಿಲೂ ತಾಗಿಲ್ಲ."