ಮೇಧಿನಿ ಬಿಟ್ಟ ಒಂದು ಪದ

ಬೇಲೂರಿನ ಬಸ್ಸು ಹಗರೆಯಲ್ಲಿ ನಿಂತಾಗ ಶಿವಪ್ರಕಾಶ್ ಒಬ್ಬ ವಯಸ್ಸಾದ ಗಂಡಸಿಗಾಗಿ ಕಾಯುತ್ತಿದ್ದ. ಕನ್ನಡಕ, ಹೆಗಲಿಗೊಂದು ಲ್ಯಾಪ್‌ಟಾಪ್ ಚೀಲ, ಸ್ವಲ್ಪ ಸಿಡುಕು ಮುಖ, ಹೀಗೆ ಊಹಿಸಿಕೊಂಡಿದ್ದ. ಇಳಿದವರು ಮೂವರು. ಇಬ್ಬರು ಊರಿನವರೇ. ಮೂರನೆಯವಳು ಹಸಿರು ಚೂಡಿದಾರದ ಹುಡುಗಿ. ಅವಳು ಅವನನ್ನು ದಾಟಿ ಹೋಗಿ, ಡೈರಿಯ ಬೋರ್ಡು ಓದಿ, ತಿರುಗಿ ಬಂದಳು.

"ಶಿವಪ್ರಕಾಶ್ ಅಂದ್ರೆ ನೀವೇನಾ?"

"ಹೌದು. ಎಂ. ವಿ. ಸರ್ ಬರ್ತಾರೆ ಅಂತ ಕಾಯ್ತಿದೀನಿ."

"ಆ ಎಂ. ವಿ. ನಾನೇ. ಮೇಧಿನಿ ವರದರಾಜ." ಅವಳ ಕಣ್ಣಿನ ಅಂಚಿನಲ್ಲಿ ನಗು ಇತ್ತು, ತುಟಿಗೆ ಇಳಿದಿರಲಿಲ್ಲ. "ಬೈಯೋದು ಇನ್ನೂ ಬಾಕಿ ಇದ್ರೆ ನೆರಳಲ್ಲಿ ಕೂತು ಬೈರಿ. ಬಿಸಿಲು ಜಾಸ್ತಿ ಇದೆ."

ಬೈದಿದ್ದು ನಿಜ. ಶಿವಪ್ರಕಾಶ್ ಹಗರೆಯ ಹಾಲಿನ ಡೈರಿಯ ಸೆಕ್ರೆಟರಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ತಾನೇ ಕಲಿತು ಊರವರ ಫೋನಿಗೆ ಒಂದು ಬಾಟ್ ಮಾಡಿಕೊಟ್ಟಿದ್ದ. ದನಕ್ಕೆ ಹುಷಾರಿಲ್ಲ ಎಂದು ಬರೆದರೆ ಅದು ದನದ ಡಾಕ್ಟರಿಗೆ ಸುದ್ದಿ ಮುಟ್ಟಿಸಿ, ಅವರು ಎಷ್ಟು ಹೊತ್ತಿಗೆ ಬರುತ್ತಾರೆಂದು ತಿಳಿಸುತ್ತಿತ್ತು. ಆ ಬಾಟ್ ನಿಂತಿದ್ದು 'ಓಲೆ' ಎಂಬ ಸಿದ್ಧ ಕೋಡಿನ ಲೈಬ್ರರಿಯ ಮೇಲೆ. ಬಾಟ್ ಬರೆಯುವವರಿಗೆ ಬೇಕಾದ ಸಲಕರಣೆಗಳನ್ನೆಲ್ಲ ಎಂ. ವಿ. ಎನ್ನುವವರು ಯಾರೋ ಪೈಥಾನಿನಲ್ಲಿ ಬರೆದು, ಓಲೆ ಎಂದು ಹೆಸರಿಟ್ಟು, ಪುಕ್ಕಟೆ ಹಂಚಿದ್ದರು. ಹಿಂದಿನ ತಿಂಗಳು ಅದರ ಹೊಸ ಆವೃತ್ತಿ ಬಂತು. ಎಲ್ಲವೂ ಅಸಿಂಕ್ ಎಂಬ ಬೇರೆ ರೀತಿಗೆ ಬದಲಾಗಿತ್ತು, ಹಳೆಯ ಕೋಡು ಒಂದೂ ನಡೆಯುವಂತಿರಲಿಲ್ಲ. ಶಿವಪ್ರಕಾಶ್ ಹಿಂದೆಮುಂದೆ ನೋಡದೆ ಅಪ್‌ಡೇಟ್ ಮಾಡಿದ. ಬಾಟ್ ಎರಡು ದಿನ ಮಲಗಿಬಿಟ್ಟಿತು, ಕೊನೆಗೆ ಹಳೆಯ ಆವೃತ್ತಿಗೇ ಮರಳಬೇಕಾಯಿತು. ಸಿಟ್ಟು ನೆತ್ತಿಗೇರಿ ಲೈಬ್ರರಿಯ ಪುಟದಲ್ಲಿ ತನ್ನ ಕೋಡನ್ನೂ ಹಾಕಿ ಇಂಗ್ಲಿಷಿನಲ್ಲಿ ಬರೆದಿದ್ದ, ನಿಮ್ಮನ್ನು ನಂಬಿದವರ ಗತಿ ಏನಾದರೂ ನಿಮಗೆ ಬೇಕಿಲ್ಲ ಸರ್, ಎಂದು.

ಉತ್ತರ ಕನ್ನಡದಲ್ಲಿ ಬಂದಿತ್ತು. 'ನಿಮ್ಮ ಕೋಡಿನಲ್ಲಿ ಹಸು, ಎಮ್ಮೆ, ಹಗರೆ ಎಂಬ ಹೆಸರುಗಳಿವೆ. ನಾನಿರುವುದು ಬೇಲೂರಿನಲ್ಲಿ. ಭಾನುವಾರ ಬಂದು ನೋಡಲೇ?'

ಈಗ ಅವಳು ಡೈರಿಯ ಬೆಂಚಿನ ಮೇಲೆ ಕೂತು ಅವನ ಕೋಡು ಓದುತ್ತಿದ್ದಳು. ಓದುವಾಗ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಜಡೆ ಮುಂದಕ್ಕೆ ಬಿದ್ದಿತ್ತು, ಅದರ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಇಷ್ಟು ಗಮನವಿಟ್ಟು ಯಾರೂ ತಾನು ಬರೆದದ್ದನ್ನು ಓದಿರಲಿಲ್ಲ ಎಂದು ಶಿವಪ್ರಕಾಶನಿಗೆ ಅನ್ನಿಸಿತು.

"ಸ್ಕ್ರೀನ್ ಈ ಕಡೆ ಇದೆ," ಎಂದಳು, ತಲೆ ಎತ್ತದೆ.

ಅವನ ಕಿವಿ ಬಿಸಿಯಾಯಿತು. "ಅಸಿಂಕ್ ಯಾಕೆ ಬೇಕಿತ್ತು ಅಂತಾನೇ ನನಗೆ ಅರ್ಥ ಆಗಿಲ್ಲ ಮೇಡಂ. ಹಳೇದು ಚೆನ್ನಾಗೇ ಇತ್ತಲ್ಲ?"

ಅವಳು ಕೋಡಿನ ಇನ್ನೊಂದು ಪುಟ ತೆರೆದಳು. ಸಂಜೆ ಹಾಲು ಹಾಕುವವರ ಸಾಲು ಬಂದಾಗ ಗೋಡೆಗೆ ಒರಗಿ ನಿಂತು ನೋಡಿದಳು. ಅವನು ಒಬ್ಬರ ಹಾಲಿನ ಮಾದರಿಯನ್ನು ಫ್ಯಾಟ್ ಮೆಷಿನ್ನಿಗೆ ಇಟ್ಟು, ಮುಂದಿನವರ ಕ್ಯಾನು ಅಳೆದು, ಮೂರನೆಯವರ ಕರುವಿನ ಸಮಾಚಾರ ಕೇಳಿ, ಮೆಷಿನ್ ಸದ್ದು ಮಾಡಿದೊಡನೆ ಮೊದಲಿನವರ ಕಡೆ ತಿರುಗುತ್ತಿದ್ದ. ಎಲ್ಲೂ ಒಂದು ತೊಟ್ಟು ಚೆಲ್ಲಲಿಲ್ಲ.

ಸಾಲು ಕರಗಿದ ಮೇಲೆ ಕೇಳಿದಳು. "ಒಬ್ಬರ ಹಾಲು ಮೆಷಿನ್ನಲ್ಲಿ ಇರೋವಾಗ ನೀವು ಸುಮ್ಮನೆ ನಿಂತಿರ್ತೀರಾ?"

"ಹಾಗೆ ನಿಂತ್ರೆ ಸಾಲು ರೋಡಿಗೆ ಹೋಗುತ್ತೆ."

"ನಿಮ್ಮ ಹಳೇ ಬಾಟ್ ಹಾಗೇ ಕೈಕಟ್ಟಿ ನಿಂತಿರೋದು. ಡಾಕ್ಟರ್ ಒಬ್ಬರಿಗೆ ಉತ್ತರ ಕೊಡೋ ತನಕ ಉಳಿದ ಊರೆಲ್ಲ ಕಾಯ್ಬೇಕಿತ್ತು. ಈಗ ಅದು ನಿಮ್ಮ ಥರ ಕೆಲಸ ಮಾಡುತ್ತೆ." ಮತ್ತೆ ಸೇರಿಸಿದಳು. "ನಿಮ್ಮಷ್ಟು ಚೆಂದವಾಗಿ ಮಾಡಲ್ಲ ಬಿಡಿ."

ಆ ಮಾತನ್ನು ಅವನು ವಾರವಿಡೀ ಮೆಲುಕು ಹಾಕಿದ.

ಭಾನುವಾರಗಳು ನಾಲ್ಕಾದವು. ಮೇಧಿನಿ ಬೇಲೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ, ಅವಳಪ್ಪ ವರದರಾಜರು ದೇವಸ್ಥಾನದ ಪರಿಚಾರಕರು, ಎಂಟು ತಿಂಗಳು ಒಬ್ಬಳೇ ಕೂತು ಓಲೆಯನ್ನು ಸಾಲು ಸಾಲಾಗಿ ಹೊಸದು ಮಾಡಿದ್ದಾಳೆ, ಇದೆಲ್ಲ ಅವನಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಕೋಡಿನಲ್ಲಿ ಎಲ್ಲೆಲ್ಲಿ ಕಾಯಬೇಕೋ ಅಲ್ಲಲ್ಲಿ 'ಅವೈಟ್' ಎಂಬ ಪದ ಸೇರಿಸುವುದನ್ನು ಅವಳು ಕಲಿಸಿದಳು. ಅವನ ತಾಯಿ ರಂಗಮ್ಮ ಮಧ್ಯಾಹ್ನ ಮಜ್ಜಿಗೆ ಕಳಿಸುತ್ತಿದ್ದಳು, ಆಮೇಲೆ ತಾನೇ ತರತೊಡಗಿದಳು.

"ನೀವು ಬರೆದಿದ್ರಲ್ಲ, ಆ ಕಾಗದ," ಎಂದಳು ಮೇಧಿನಿ ಒಮ್ಮೆ. "ಅವತ್ತು ನಾನು ಓಲೆ ಬಿಟ್ಟುಬಿಡ್ತೀನಿ ಅಂತ ಬರೆದು ಇಟ್ಟಿದ್ದೆ. ಎಲ್ಲಾರೂ ಬೈತಿದ್ರು. ನಿಮ್ಮ ಕೋಡಲ್ಲಿ ಹಗರೆ ಅಂತ ನೋಡಿದ್ಮೇಲೆ ಅಳಿಸಿದೆ."

"ಯಾಕೆ?"

"ನನ್ನ ಕೆಲಸ ಹನ್ನೆರಡು ಕಿಲೋಮೀಟರ್ ದೂರದ ಹಸುವಿಗೆ ಮುಟ್ಟಿದೆ ಅಂತ ಗೊತ್ತಾಯ್ತಲ್ಲ."

ಹೊಸ ಬಾಟ್ ಶುರುವಾಗಿ ಒಂದು ವಾರವಾಗಿತ್ತು. ಶನಿವಾರ ಮಧ್ಯಾಹ್ನ ಕೆರೆಯ ಕಡೆಯ ಲಕ್ಕಮ್ಮ ಡೈರಿಗೆ ಏದುಸಿರು ಬಿಡುತ್ತ ಬಂದಳು.

"ಡಾಕ್ಟ್ರು ಎಲ್ಲಪ್ಪ? ಹಸ ಹನ್ನೊಂದು ಗಂಟೆಯಿಂದ ನೋವು ತಿಂತೈತೆ. ಸೊಸೆ ಫೋನಲ್ಲಿ ಬರದ್ಲು. ತಿಳಿಸಲಾಗಿದೆ ಅಂತ ಬಂತು. ಎರಡು ಗಂಟೆ ಆಯ್ತು, ಯಾರೂ ಬಂದಿಲ್ಲ."

ಶಿವಪ್ರಕಾಶ್ ಡಾಕ್ಟರ್ ರವಿಕುಮಾರರಿಗೆ ಫೋನ್ ಮಾಡಿದ. ಅವರಿಗೆ ಯಾವ ಸುದ್ದಿಯೂ ಹೋಗಿರಲಿಲ್ಲ. ಡೈರಿಗೆ ಬೀಗ ಹಾಕುವುದನ್ನೂ ಮರೆತು ಲಕ್ಕಮ್ಮನ ಕೊಟ್ಟಿಗೆಗೆ ಓಡಿದ. ಕರುವಿನ ಒಂದು ಕಾಲು ಒಳಗೆ ಮಡಿಸಿಕೊಂಡಿತ್ತು. ಡಾಕ್ಟರು ಬರುವ ತನಕ ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತ. ಅವರು ಬಂದು, ತೋಳುದ್ದ ಕೈ ಹಾಕಿ, ಕಾಲು ಬಿಡಿಸಿ ಎಳೆದಾಗ ಕರು ಉಸಿರಾಡದೆ ಬಿತ್ತು. ಮೂಗು ಒರೆಸಿ, ಹುಲ್ಲಿನಿಂದ ಮೈ ಉಜ್ಜಿ ಉಜ್ಜಿದ ಮೇಲೆ ಕೊನೆಗೆ ಅದು ಸೀನಿತು. ಲಕ್ಕಮ್ಮ ಸೆರಗಿನಿಂದ ಅದರ ಮೂತಿ ಒರೆಸಿದಳು.

ಡೈರಿಗೆ ಮರಳಿ ನೋಡಿದರೆ, ಹೆರಿಗೆಯ ತುರ್ತಿಗೆಂದು ಬರೆದ ಒಂದೇ ಒಂದು ಸಾಲಿನಲ್ಲಿ ಅವೈಟ್ ಇರಲಿಲ್ಲ. ಹಾಗಾಗಿ ಸಂದೇಶ ಹೊರಡಲೇ ಇಲ್ಲ. ಬಾಟ್ ಮಾತ್ರ ಹೊರಟಿತೆಂದು ಸುಳ್ಳು ಹೇಳಿತ್ತು. ಆ ಸಾಲು ಮೇಧಿನಿ ಬರೆದದ್ದು. ಶಿವಪ್ರಕಾಶ್ ಪದ ಸೇರಿಸಿ, ನಡೆದದ್ದನ್ನು ಅವಳಿಗೆ ಎರಡು ಮಾತಿನಲ್ಲಿ ಬರೆದು ಕಳಿಸಿದ. ಯಾರ ತಪ್ಪೆಂದು ಬರೆಯಲಿಲ್ಲ.

ಐದು ಗಂಟೆಯ ಬಸ್ಸಿಗೆ ಅವಳು ಬಂದಿಳಿದಳು. ಮುಖ ಬಾಡಿತ್ತು.

"ಲಕ್ಕಮ್ಮನವರ ಮನೆ ತೋರಿಸಿ."

"ಕರು ಚೆನ್ನಾಗಿದೆ ಮೇಡಂ. ಅವರಿಗೆ ಹೇಳೋದೇನೂ ಬೇಡ, ಫೋನ್ ಕೆಟ್ಟಿತ್ತು ಅಂದ್ಕೊಂಡಿದಾರೆ."

"ಅದಕ್ಕೇ ಹೇಳ್ಬೇಕು."

ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವಳು ಲಕ್ಕಮ್ಮನ ಮುಂದೆ ನಿಂತಳು. "ಅಮ್ಮ, ಡಾಕ್ಟರಿಗೆ ಸುದ್ದಿ ಹೋಗದೇ ಇದ್ದಿದ್ದು ಫೋನಿಂದಲ್ಲ, ನನ್ನಿಂದ. ಒಂದು ಪದ ಬರೆಯೋದು ಬಿಟ್ಟಿದ್ದೆ."

ಲಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ಹಸ ಹೋಗ್ಬಿಡೋದು ಕಣವ್ವ."

"ಗೊತ್ತು."

"ತಪ್ಪು ಮಾಡ್ದೋರ್ನ ಬೇಕಾದಷ್ಟು ಕಂಡಿವ್ನಿ. ಹೇಳಾಕೆ ಬಸ್ ಹತ್ಕೊಂಡು ಬಂದೋಳ್ನ ಇವತ್ತೇ ಕಂಡಿದ್ದು. ಕೂತ್ಕೋ, ಕರ ನೋಡು."

ಮೇಧಿನಿ ಹುಲ್ಲಿನ ಮೇಲೆ ಕೂತಳು. ಕರು ಅವಳ ಬೆರಳು ಚೀಪಿತು, ಅವಳ ಕಣ್ಣು ತುಂಬಿ ಬಂತು. ಅವಳ ಬುದ್ಧಿಯನ್ನು ಶಿವಪ್ರಕಾಶ್ ನಾಲ್ಕು ವಾರದಿಂದ ಮೆಚ್ಚುತ್ತಲೇ ಇದ್ದ. ಈಗ ಎದೆಯಲ್ಲಿ ಆದದ್ದು ಮೆಚ್ಚುಗೆಯಷ್ಟೇ ಅಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹೇಳಿಯೂಬಿಟ್ಟ. "ಮೇಡಂ, ಬಾಟ್ ಕೆಲಸ ಮುಗೀತು. ಇನ್ನು ಭಾನುವಾರ ಭಾನುವಾರ ನೀವು ಬರೋಕೆ ಕಾರಣ ಇಲ್ಲ. ಆದ್ರೆ ನೀವು ಬರದೇ ಇದ್ರೆ ನನ್ನ ಕೈಲಿ ಇರೋಕೆ ಆಗಲ್ಲ."

"ನಾನು ಮೇಡಂ ಆಗಿ ಬರಲ್ಲ," ಎಂದಳು ಮೇಧಿನಿ. "ನೀವೇ ಬನ್ನಿ ನಮ್ಮನೆಗೆ. ಅಪ್ಪನ ಹತ್ರ ಮಾತಾಡಿ."

"ಒಪ್ತಾರಾ?"

"ಗೊತ್ತಿಲ್ಲ. ನಾನು ಒಪ್ಪಿದೀನಿ."

ವಾರ ಕಳೆದು ಭಾನುವಾರ, ಬೇಲೂರಿನ ಮೇಧಿನಿಯ ಮನೆಯ ನಡುಮನೆಯಲ್ಲಿ ವರದರಾಜರು ಅವನ ಮಾತನ್ನೆಲ್ಲ ಕೇಳಿದರು.

"ನಿಮ್ಮ ಮನೇಲಿ ಏನಂತಾರೆ?"

"ಅಪ್ಪ ಇನ್ನೂ ಯೋಚನೆ ಮಾಡ್ತಿದಾರೆ. ಅವ್ವ, ಆ ಹುಡುಗಿ ಮುದ್ದೆ ತಿಂತಾಳಾ ಕೇಳು ಅಂದ್ಲು."

ಒಳಗಿನಿಂದ ಯಾರೋ ನಕ್ಕ ಸದ್ದಾಯಿತು. ವರದರಾಜರು ನಗಲಿಲ್ಲ. ಮಗಳ ಕಡೆ ತಿರುಗಿದರು. "ನಾಲ್ಕು ಭಾನುವಾರದಲ್ಲಿ ಇವರ ವಿಷಯ ನಿನಗೇನು ತಿಳೀತಮ್ಮ?"

ಮೇಧಿನಿ ಕಂಬಕ್ಕೆ ಒರಗಿ ನಿಂತಿದ್ದಳು. "ನನ್ನ ತಪ್ಪಿಂದ ಒಂದು ಹಸು ಸಾಯೋದರಲ್ಲಿತ್ತು, ಅಪ್ಪ. ಇವರು ಯಾರ ತಪ್ಪು ಅಂತ ನೋಡೋಕೆ ಮುಂಚೆ ಹಸು ಹತ್ರ ಓಡಿದ್ರು. ಆಮೇಲೆ ಗೊತ್ತಾದ್ಮೇಲೂ ನನ್ನ ಹೆಸರು ಎತ್ತಲಿಲ್ಲ."

ಅವರು ಹೆಗಲ ವಸ್ತ್ರ ಸರಿಮಾಡಿಕೊಂಡರು. ಎದ್ದು ನಿಂತು, ಬಾಗಿಲ ತನಕ ಹೋಗಿ, ಬೀದಿ ನೋಡಿ ಬಂದರು.

"ನಿಮ್ಮ ತಂದೆಯವರು ಯೋಚನೆ ಮಾಡೋದು ಮುಗಿಸಲಿ," ಎಂದರು. "ನನಗೂ ಒಂದಷ್ಟು ದಿನ ಬೇಕು. ಅಲ್ಲೀ ತನಕ ಭಾನುವಾರ ಭಾನುವಾರ ನೀವೇ ಇಲ್ಲಿಗೆ ಬಂದು ಹೋಗಿ. ಹುಡುಗಿ ಬಸ್ಸಲ್ಲಿ ಓಡಾಡೋದು ಬೇಡ."

ಶಿವಪ್ರಕಾಶ್ ಕಂಬದ ಕಡೆ ನೋಡಿದ. ಮೇಧಿನಿಯ ನಗು ಈ ಸಲ ಕಣ್ಣಿನಲ್ಲೇ ನಿಲ್ಲಲಿಲ್ಲ. ಅವಳು ಅದನ್ನು ಮರೆಮಾಡಲೂ ಹೋಗಲಿಲ್ಲ, ಕಾಫಿ ತರಲು ಒಳಗೆ ಹೋದಳು.