ಮುತ್ತಿನಹೊಳೆಗೆ ತವರಿನ ಕರೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಹೊನ್ನಾವಳಿ ಎಂಬ ರಾಜ್ಯವಿತ್ತು. ಅದರ ನಡುವೆ ಮುತ್ತಿನಹೊಳೆ ಹರಿಯುತ್ತಿತ್ತು. ಆ ರಾಜ್ಯದ ಮೊದಲ ದೊರೆಯ ಪಟ್ಟಾಭಿಷೇಕ ನಡೆದದ್ದು ಇದೇ ಹೊಳೆಯ ನೀರಿನಿಂದ. ಅಂಥ ಹೊಳೆ ಒಂದು ದಿನ ಬತ್ತಿಹೋಯಿತು.

ದೊರೆ ಸೋಮಭೂಪಾಲ ಒಳ್ಳೆಯವನೇ, ಆದರೆ ಹೊಗಳಿದರೆ ಉಬ್ಬುವವನು. ಹೊಳೆಯನ್ನು ಉಳಿಸಲು ಒಂದು ದೊಡ್ಡ ಯೋಜನೆ ಸಾರಿ, ಧೂಳಿಕೇತ ಎಂಬವನನ್ನು ಅದಕ್ಕೆ ಅಧಿಕಾರಿ ಮಾಡಿದ. ಹೊಳೆಯನ್ನು ಕಟ್ಟಿಹಾಕಿದ ಮಾಟಗಾರ ಅವನೇ ಎಂದು ಪಾಪ, ದೊರೆಗೇನು ಗೊತ್ತು? ಧೂಳಿಕೇತ ದಡದುದ್ದಕ್ಕೂ ಅಮೃತಶಿಲೆಯ ಮೆಟ್ಟಿಲು ಕಟ್ಟಿಸಿದ, ದೀಪದ ಕಂಬ ನೆಡಿಸಿದ, ದೊಡ್ಡದೊಂದು ಕಲ್ಲಿನಲ್ಲಿ ದೊರೆಯ ಹೆಸರು ಕೆತ್ತಿಸಿದ. ನೀರೊಂದು ಬಿಟ್ಟು ಎಲ್ಲ ಇತ್ತು. ಬರುವ ಹುಣ್ಣಿಮೆಯೊಳಗೆ ಹೊಳೆ ಹರಿಯದಿದ್ದರೆ ಅಂಬಿಗರ ಕೇರಿಯನ್ನು ಎಬ್ಬಿಸಿ, ಆ ಜಾಗದಲ್ಲಿ ತನಗೊಂದು ಅರಮನೆ ಕಟ್ಟಿಕೊಡಬೇಕೆಂದೂ ಕೇಳಿದ. ಹೊಗಳಿಕೆಗೆ ಉಬ್ಬಿದ್ದ ದೊರೆ ಹೂಂ ಎಂದುಬಿಟ್ಟ.

ಆ ಕೇರಿಯಲ್ಲಿ ಹರಿಗೋಲು ಹೆಣೆಯುವ ದುರುಗವ್ವ ಇದ್ದಳು. ಹುಟ್ಟಿದ ಮನೆ ಹೋಗುತ್ತದೆಂದು ಕೇಳಿ ಅವಳಿಗೆ ಸಂಕಟವಾಯಿತು, ಸಿಟ್ಟೂ ಬಂತು. ನೇರ ಅರಮನೆಗೆ ಹೋದಳು.

“ಮಹಾರಾಜರ, ಹೊಳಿ ನಮ್ಮ ಮನೀ ಮಗಳು. ತವರಿನವರು ಹೋಗಿ ಕರೀದ ಹೊರತು ಆಕಿ ಬರಾಂಗಿಲ್ಲ. ವರ್ಷಾ ಬಾಗಿನ ಯಾರು ಒಯ್ದಾರ?”

ಬಾಗಿನವನ್ನು ಸೇವಕರ ಕೈಲಿ ಕಳಿಸಿಬಿಡುತ್ತಿದ್ದೆನೆಂದು ದೊರೆ ಒಪ್ಪಿಕೊಂಡ. ಹಾಗಾದರೆ ತಾನೇ ಒಯ್ಯುತ್ತೇನೆಂದು ದುರುಗವ್ವ ಮೊರದಲ್ಲಿ ಅರಿಸಿನ, ಹಸಿರು ಬಳೆ ಇಟ್ಟು, ಮೇಲೊಂದು ಮೊರ ಮುಚ್ಚಿ, ಒಂದು ಕೊಡ ನೀರು ಹೊತ್ತು, ಹೊಳೆಯ ಒರತೆ ಹುಡುಕುತ್ತ ಒಣಹೊಳೆಯಲ್ಲಿ ಮೇಲಕ್ಕೆ ಹೊರಟಳು.

ನಡೆದಳು, ನಡೆದಳು. ಮೊದಲು ಎದುರಾದದ್ದು ಮರಳಹುಲಿ, ಹೊಳೆಯ ಮರಳನ್ನೆಲ್ಲ ನುಂಗಿ ಗುಡ್ಡದಷ್ಟು ಬೆಳೆದದ್ದು. ಅದು ಮೇಲೆ ಬೀಳುವಷ್ಟರಲ್ಲಿ ದುರುಗವ್ವ ಮೇಲೆ ಮುಚ್ಚಿದ್ದ ಮೊರ ಎತ್ತಿ, ಜೋಳ ಕೇರಿದಂತೆ ಹುಲಿಯನ್ನೇ ಕೇರಿದಳು. ಗರ್ಜನೆ ಹೊಟ್ಟಿನಂತೆ ಹಾರಿಹೋಯಿತು, ಮರಳು ಹೊಳೆಯಲ್ಲೇ ಉಳಿಯಿತು.

ಮತ್ತೆ ನಡೆದಳು, ನಡೆದಳು. ಬಟ್ಟೆಗೆ ಬಣ್ಣ ಹಾಕುವ ಮನೆಗಳ ಕೊಳೆ ಕುಡಿದು ಕಪ್ಪಾದ ಮೊಸಳೆ ಬಾಯಿ ತೆರೆದು ಬಂತು. ಅದರ ಮೈ ನೋಡಿ ದುರುಗವ್ವನಿಗೆ ಹೆದರಿಕೆಗಿಂತ ಮರುಕ ಹೆಚ್ಚಾಯಿತು. ಅರಿಸಿನ ಹಚ್ಚಿ, ಕುಡಿಯಲು ತಂದ ನೀರನ್ನೆಲ್ಲ ಸುರಿದು ತಿಕ್ಕಿದಳು. ಏಳು ವರ್ಷದಿಂದ ಮೈ ತೊಳೆಯದ ಮೊಸಳೆ ಸುಖದಿಂದ ಕಣ್ಣು ಮುಚ್ಚಿತು.

“ಅವ್ವಾ, ಒರತೆ ಇರೋದು ಮೇಲಲ್ಲ,” ಎಂದಿತು. “ದೊರೆಯ ಹೆಸರಿನ ಕಲ್ಲಿನ ಅಡಿಯಲ್ಲಿ. ಹೆಸರಿನವನೇ ಅದನ್ನು ಎತ್ತಬೇಕು.”

ದುರುಗವ್ವ ಓಡೋಡಿ ಊರಿಗೆ ಬಂದಾಗ ಹುಣ್ಣಿಮೆಯ ಬೆಳಗು. ಧೂಳಿಕೇತ ಆಗಲೇ ಅಂಬಿಗರ ಕೇರಿಗೆ ಹಗ್ಗ ಹಿಡಿದು ಅಳತೆ ಹಾಕಿಸುತ್ತಿದ್ದ. ಅವಳ ಮಾತು ಕೇಳಿ ದೊರೆ ಕಲ್ಲಿನ ಬಳಿಗೆ ಬಂದ. ಕಲ್ಲು ಕಿತ್ತರೆ ಹೆಸರು ಅಳಿದುಹೋಗುತ್ತದೆಂದು ಧೂಳಿಕೇತ ಅವನ ಕಿವಿಯಲ್ಲಿ ಉಸುರಿದ. ಇದೇ ಮೂರನೆಯ ಪರೀಕ್ಷೆ, ಹುಲಿ ಮೊಸಳೆಗಳಿಗಿಂತ ಗಟ್ಟಿಯಾದದ್ದು.

ದುರುಗವ್ವ ಹಸಿರು ಬಳೆಗಳನ್ನು ದೊರೆಯ ಮುಂದೆ ಹಿಡಿದಳು. “ಒಳಗ ಇರಾಕಿ ನಿಮ್ಮ ತಂಗಿ. ನಿಮ್ಮ ಹೆಸರು ಆಕಿ ಎದಿ ಮ್ಯಾಲ ಕುಂತೈತಿ, ಮಹಾರಾಜರ.”

ದೊರೆಯ ಕಣ್ಣು ತುಂಬಿತು. ಕಿರೀಟ ತೆಗೆದಿಟ್ಟು, ಬಳೆ ಕೈಗೆ ತೆಗೆದುಕೊಂಡು, “ಮನೆಗೆ ಬಾರಮ್ಮ,” ಎಂದು ಕರೆದು ಹಾರೆ ಹಾಕಿದ. ಕಲ್ಲು ಎದ್ದಿತು. ಕೆಳಗಿನಿಂದ ನೀರಿನ ಎರಡು ಕೈ ಮೇಲೆ ಬಂದು, ಅಣ್ಣನ ಕೈಯಿಂದ ಬಳೆ ತೊಟ್ಟವು. ಆಮೇಲೆ ಹೊಳೆ ಭೋರೆಂದು ಹರಿಯಿತು. ಮಾಟ ಮುರಿದ ಧೂಳಿಕೇತ ಏಡಿಯಾಗಿ ದಡದ ಕಸ ಹೆಕ್ಕುತ್ತ ಅಡ್ಡಡ್ಡ ಓಡಿದ.

ಅಂದಿನಿಂದ ದೊರೆಯ ಯೋಜನೆಯಲ್ಲಿ ಮೆಟ್ಟಿಲಿಗಿಂತ ಮೊದಲು ಒರತೆ. ಕೊಳೆಯ ಕಾಲುವೆಗಳು ಮುಚ್ಚಿದವು. ಪ್ರತಿ ವರ್ಷ ಸೋಮಭೂಪಾಲ ಬರಿಗಾಲಲ್ಲಿ ಬಂದು, ದುರುಗವ್ವನ ಹರಿಗೋಲಿನಲ್ಲಿ ಕುಳಿತು ತಾನೇ ಬಾಗಿನ ಕೊಡುತ್ತಿದ್ದ. ಅಂಬಿಗರ ಕೇರಿ ಸುಖವಾಗಿತ್ತು, ರಾಜ್ಯವೂ ಸುಖವಾಗಿತ್ತು. ದೊರೆಯ ಹೆಸರಿನ ಕಲ್ಲು ಕೇರಿಯವರಿಗೆ ಬಟ್ಟೆ ಒಗೆಯುವ ಕಲ್ಲಾಯಿತು, ಅವನ ಹೆಸರು ದಿನವೂ ಹೊಳೆಯ ನೀರಲ್ಲಿ ತೊಳೆಸಿಕೊಂಡು ಬೆಳ್ಳಗಿರುತ್ತಿತ್ತು.